ಬ್ಯಾಟರಿ ಗಾಡಿ ಕೊಳ್ಳುವ ಮೊದಲು

ಒಂದು ಸಂಜೆ ಹಳೇ ಹುಬ್ಬಳ್ಳಿಯ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಹೂವು ಮಾರುವ ಅಕ್ಕ ಒಂದು ಕಾಗದ ತಂದಿದ್ದರು.

"ಅಕ್ಕೋರ, ಇವತ್ತು ಇದನ್ನ ಓದೂಣೇನ್ರಿ? ನಮ್ಮ ಹುಡುಗ ಬ್ಯಾಟರಿ ಗಾಡಿ ತಗೋತೇನಂತಾನ. ಸಂಘದಾಗ ಸಾಲ ಎತ್ತು ಅಂತ ಬೆನ್ನ ಹತ್ಯಾನ."

ಅದು ಒಂದು ಶೋರೂಮಿನ ಜಾಹೀರಾತು. ಅಕ್ಕ ಬೆರಳಿಟ್ಟು ನಿಧಾನವಾಗಿ ಓದಿದರು. "ಹಬ್ಬದ ವಿಶೇಷ. 15,000 ರೂಪಾಯಿ ಕಡಿತ. ಮೂರು ದಿನ ಮಾತ್ರ." ಕೆಳಗೆ ಇರುವೆಯಂಥ ಸಣ್ಣ ಅಕ್ಷರ. ಅದನ್ನೂ ಬಿಡಲಿಲ್ಲ. "ಷರತ್ತುಗಳು ಅನ್ವಯಿಸುತ್ತವೆ."

ಮೂಲೆಯಲ್ಲಿ ಕುಳಿತ ಒಬ್ಬರು ಮಾತು ತೆಗೆದರು. "ತಡಿಯವ್ವಾ. ನನ್ನ ತಮ್ಮನೂ ಇಂಥಾದ್ದ ಗಾಡಿ ತಂದಾನ. ಬ್ಯಾಟರಿ ಕೆಟ್ಟು ಎರಡೂವರೆ ತಿಂಗಳು ಅಂಗಡ್ಯಾಗ ನಿಂತಿತ್ತು. ಕೇಳಿದ್ರ 'ಸಾಮಾನು ಬಂದಿಲ್ಲ' ಅಂತಿದ್ರು. ಗಾಡಿ ನಿಂತಿತ್ತು, ಕಂತು ಮಾತ್ರ ನಿಲ್ಲಲಿಲ್ಲ."

ಎಲ್ಲರೂ ಸುಮ್ಮನಾದರು. ನಮ್ಮ ಮುಂದೆ ಎರಡು ಪ್ರಶ್ನೆ ಎದ್ದವು. ಕಂಪನಿಯವರು ಬೆಲೆಯನ್ನು ಯಾಕೆ ಇಷ್ಟು ಇಳಿಸುತ್ತಾರೆ? ಇಷ್ಟು ಗಾಡಿ ಮಾರುವವರ ಹತ್ತಿರ ಸಾಮಾನು ಯಾಕೆ ಇರುವುದಿಲ್ಲ? ಬನ್ನಿ, ತಿಳಿಯೋಣ.

ಗಾಡಿಯ ಲೆಕ್ಕ

ಪೆಟ್ರೋಲ್ ಗಾಡಿಗೆ ಇಂಜಿನ್ ಇರುತ್ತದೆ. ಬ್ಯಾಟರಿ ಗಾಡಿಗೆ ಇಂಜಿನ್ ಇಲ್ಲ. ಬ್ಯಾಟರಿಯಲ್ಲಿ ಕರೆಂಟ್ ತುಂಬಿಸುತ್ತೇವೆ. ಆ ಕರೆಂಟಿನಿಂದ ಮೋಟಾರ್ ತಿರುಗುತ್ತದೆ. ಗಾಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿಯೇ.

3 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಸುಮಾರು ಮೂರೂವರೆ ಯೂನಿಟ್ ಕರೆಂಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 21 ರೂಪಾಯಿ ಆಯಿತು. ಅಷ್ಟರಲ್ಲಿ ಗಾಡಿ ಸುಮಾರು 80 ಕಿಲೋಮೀಟರ್ ಓಡುತ್ತದೆ. ಅಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎರಡು ಸಲ ಹೋಗಿ ಬರಬಹುದು. ಪೆಟ್ರೋಲ್ ಗಾಡಿಗೆ ಅಷ್ಟು ದೂರಕ್ಕೆ ಹೆಚ್ಚು ಕಡಿಮೆ 200 ರೂಪಾಯಿ ಬೇಕು. ಹಾಗಾಗಿ ಉಳಿತಾಯ ಇರುವುದು ನಿಜ.

ಆದರೆ ಒಂದು ಮಾತು ನೆನಪಿರಲಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಉಚಿತ ಎಂದು ಗೊತ್ತು ಮಾಡಿದ್ದಾರೆ. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೆಸ್ಕಾಂ ಬಿಲ್ ತೆಗೆದು ಮೊದಲು ಅದನ್ನು ಓದಿಕೊಳ್ಳಿ.

ಒಂದು ಓಣಿ, ನಾಲ್ಕು ರೊಟ್ಟಿ ಅಂಗಡಿ

ನಮ್ಮ ಓಣಿಯಲ್ಲಿ ಒಬ್ಬಾಕೆ ಮಾತ್ರ ಜೋಳದ ರೊಟ್ಟಿ ಮಾರುತ್ತಿದ್ದಾಳೆ ಎನ್ನೋಣ. ಆಕೆ ಹೇಳಿದ್ದೇ ಬೆಲೆ. ಮುಂದೆ ಇನ್ನೂ ಮೂರು ಮನೆಯವರು ಶುರು ಮಾಡಿದರು. ಒಬ್ಬಾಕೆ ರೊಟ್ಟಿಯ ಬೆಲೆ ಇಳಿಸಿದಳು. ಇನ್ನೊಬ್ಬಾಕೆ ಜೊತೆಗೆ ಶೇಂಗಾ ಚಟ್ನಿ ಕೊಟ್ಟಳು. ಇದೇ ಪೈಪೋಟಿ. ಪೈಪೋಟಿ ಇದ್ದರೆ ಕೊಳ್ಳುವವರಿಗೆ ಲಾಭ.

ಬ್ಯಾಟರಿ ಗಾಡಿಯ ಕಥೆಯೂ ಹೀಗೆಯೇ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಬ್ಯಾಟರಿ ಕಾರು ಹೊರಬಂತು. ಆಗ ಕೊಂಡವರು ಕಡಿಮೆ. 2013ರಲ್ಲಿ ಇಬ್ಬರು ತರುಣರು ಏಥರ್ ಕಂಪನಿ ಶುರು ಮಾಡಿದರು. 2018ರಲ್ಲಿ ಅವರ ಸ್ಕೂಟರ್ ಬೆಂಗಳೂರಿನ ರಸ್ತೆಗೆ ಇಳಿಯಿತು. 2020ರಲ್ಲಿ ಬಜಾಜ್ ಮತ್ತು ಟಿವಿಎಸ್ ಬಂದವು. 2021ರ ಆಗಸ್ಟ್ 15ರಂದು ಓಲಾ ತನ್ನ ಸ್ಕೂಟರ್ ತೋರಿಸಿತು. ಆಮೇಲೆ ಹೋಂಡಾ ಕೂಡ ಬಂತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದರ ಬ್ಯಾಟರಿ ಸ್ಕೂಟರ್ ತಯಾರಾಯಿತು.

ಓಣಿ ತುಂಬಿತು. ಜಗಳ ಬೆಲೆಯ ಮೇಲೆ ಬಂತು. 2024ರ ಏಪ್ರಿಲಿನಲ್ಲಿ ಓಲಾ ತನ್ನ ಸಣ್ಣ ಸ್ಕೂಟರಿನ ಬೆಲೆಯನ್ನು 70,000 ರೂಪಾಯಿಗೆ ಇಳಿಸಿತು. ಉಳಿದವರೂ ಕಡಿಮೆ ಬೆಲೆಯ ಗಾಡಿ ತಂದರು. 2024-25ನೇ ಸಾಲಿನಲ್ಲಿ ದೇಶದಲ್ಲಿ 11 ಲಕ್ಷಕ್ಕೂ ಹೆಚ್ಚು ಬ್ಯಾಟರಿ ಸ್ಕೂಟರ್, ಬೈಕು ಮಾರಾಟವಾದವು. 2024ರಲ್ಲಿ ಮಾರಾಟದಲ್ಲಿ ಓಲಾ ಮುಂದಿತ್ತು. 2025ರಲ್ಲಿ ಟಿವಿಎಸ್ ಮುಂದೆ ಹೋಯಿತು.

ಇದೇ ಹೊತ್ತಿಗೆ ಸರಕಾರದ ಸಹಾಯಧನ ಇಳಿಯುತ್ತಾ ಬಂತು. 2021ರಲ್ಲಿ ಬ್ಯಾಟರಿಯ ಒಂದು ಯೂನಿಟ್ಟಿಗೆ 15,000 ರೂಪಾಯಿ ಸಿಗುತ್ತಿತ್ತು. 2023ರ ಜೂನಿನಲ್ಲಿ ಅದು 10,000 ಆಯಿತು. 2024ರಲ್ಲಿ 5,000ಕ್ಕೆ ಬಂತು. 2025ರ ಏಪ್ರಿಲಿನಿಂದ 2,500 ಆಯಿತು. ಇನ್ನೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಪೆಟ್ರೋಲ್ ಗಾಡಿ ಅಗ್ಗವಾಯಿತು. ಬ್ಯಾಟರಿ ಗಾಡಿಯವರಿಗೆ ಪೈಪೋಟಿ ಇನ್ನಷ್ಟು ಬಿಗಿಯಾಯಿತು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೆಲೆ ಇಳಿಸುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಪಕ್ಕದ ಅಂಗಡಿಯ ಅಂಜಿಕೆಯಿಂದ.

ಜೋಳವೇ ಬರದಿದ್ದರೆ?

ಮತ್ತೆ ರೊಟ್ಟಿಗೆ ಬರೋಣ. ನಾಲ್ಕೂ ಅಂಗಡಿಯವರು ಒಬ್ಬನೇ ಸಾಹುಕಾರನ ಕಡೆ ಜೋಳ ತರುತ್ತಾರೆ. ಒಂದು ದಿನ ಆತ ಗೋದಾಮಿಗೆ ಕೀಲಿ ಹಾಕಿದ. ಆಗ ಏನಾಗುತ್ತದೆ? ಎಷ್ಟೇ ಪೈಪೋಟಿ ಇರಲಿ, ನಾಲ್ಕೂ ಮನೆಯ ಒಲೆ ತಣ್ಣಗಾಗುತ್ತದೆ.

ಬ್ಯಾಟರಿ ಗಾಡಿಗೂ ಇದೇ ತೊಂದರೆ. ಬ್ಯಾಟರಿಯೊಳಗೆ ಸಣ್ಣ ಸಣ್ಣ ಸೆಲ್ ಇರುತ್ತವೆ. ಸೆಲ್ ಮಾಡಲು ಲಿಥಿಯಂ ಎಂಬ ಹಗುರವಾದ ಲೋಹ ಬೇಕು. ಅದು ಹೆಚ್ಚಾಗಿ ಆಸ್ಟ್ರೇಲಿಯಾ, ಚಿಲಿ ದೇಶಗಳಲ್ಲಿ ಸಿಗುತ್ತದೆ. ಅದನ್ನು ಶುದ್ಧ ಮಾಡಿ ಸೆಲ್ ತಯಾರಿಸುವ ಕೆಲಸ ಬಹುಪಾಲು ಚೀನಾದಲ್ಲಿ ನಡೆಯುತ್ತದೆ. ನಮ್ಮ ದೇಶದ ಹೆಚ್ಚಿನ ಕಂಪನಿಗಳು ಸೆಲ್ ಅನ್ನು ಹೊರದೇಶದಿಂದ ತರಿಸಿ, ಇಲ್ಲಿ ಜೋಡಿಸುತ್ತವೆ. 2022ರಲ್ಲಿ ಲಿಥಿಯಂ ಬೆಲೆ ಬಹಳ ಏರಿತ್ತು. ಮರುವರ್ಷ ಕುಸಿಯಿತು. ಅಷ್ಟು ದೂರದ ಏರಿಳಿತ ನಮ್ಮ ಗಾಡಿಯ ಬೆಲೆಗೂ ತಾಗುತ್ತದೆ.

ಮೋಟಾರಿಗೆ ಇನ್ನೊಂದು ಸಾಮಾನು ಬೇಕು. ಅದು ಬಲವಾದ ಅಯಸ್ಕಾಂತ. ಕಬ್ಬಿಣದ ಮೊಳೆಯನ್ನು ಹಿಡಿದೆಳೆಯುವ ಕಲ್ಲನ್ನು ನಾವು ನೋಡಿದ್ದೇವಲ್ಲ, ಅದೇ ಜಾತಿ. ಆದರೆ ಇದನ್ನು ಮಾಡಲು ಅಪರೂಪದ ಲೋಹಗಳು ಬೇಕು. ಜಗತ್ತಿನ ಇಂಥ ಹತ್ತು ಅಯಸ್ಕಾಂತಗಳಲ್ಲಿ ಸುಮಾರು ಒಂಬತ್ತು ಚೀನಾದಲ್ಲೇ ತಯಾರಾಗುತ್ತವೆ. 2025ರ ಏಪ್ರಿಲಿನಲ್ಲಿ ಚೀನಾ ಸರಕಾರ, ಅನುಮತಿ ಇಲ್ಲದೆ ಇವನ್ನು ಹೊರಗೆ ಕಳಿಸಬಾರದು ಎಂದಿತು. ಕೆಲವೇ ತಿಂಗಳಲ್ಲಿ ನಮ್ಮ ದೇಶದ ಕಾರ್ಖಾನೆಗಳಿಗೆ ಬಿಸಿ ತಟ್ಟಿತು. ಬಜಾಜ್ ಕಂಪನಿ ಬ್ಯಾಟರಿ ಸ್ಕೂಟರ್ ತಯಾರಿಕೆಯನ್ನು ಕೆಲ ಕಾಲ ತಗ್ಗಿಸಬೇಕಾಯಿತು.

"ನಮ್ಮ ನೆಲದಾಗ ಇವು ಸಿಗೂದಿಲ್ಲೇನ್ರಿ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಎಂದು ಸರಕಾರ ಹೇಳಿದೆ. ಆದರೆ ನೆಲದಲ್ಲಿರುವ ಲಿಥಿಯಂ ಹೊಲದಲ್ಲಿರುವ ಜೋಳದ ಹಾಗೆ. ತೆಗೆಯಬೇಕು, ಹಸನು ಮಾಡಬೇಕು, ಬೀಸಬೇಕು. ಆಮೇಲೆ ರೊಟ್ಟಿ. ಅಯಸ್ಕಾಂತವನ್ನು ನಮ್ಮಲ್ಲೇ ತಯಾರಿಸಲು ಕೇಂದ್ರ ಸರಕಾರ 2025ರ ನವೆಂಬರಿನಲ್ಲಿ 7,280 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ.

ಮಾರುವುದು ಬೇಗ, ರಿಪೇರಿ ತಡ

ಕೊರತೆಗೆ ಕಾರಣ ಹೊರದೇಶ ಮಾತ್ರವಲ್ಲ. ಪೈಪೋಟಿಯ ಅವಸರದಲ್ಲಿ ಕಂಪನಿಗಳು ಹೊಸ ಗಾಡಿ ಮಾರುವ ಕಡೆಗೇ ಓಡುತ್ತವೆ. ರಿಪೇರಿ ಕೇಂದ್ರ, ಕಲಿತ ಮೆಕ್ಯಾನಿಕ್, ಬದಲಿ ಸಾಮಾನು ಅಷ್ಟು ಬೇಗ ಬೆಳೆಯುವುದಿಲ್ಲ. 2023ರ ಸೆಪ್ಟೆಂಬರಿನಿಂದ ಒಂದೇ ವರ್ಷದಲ್ಲಿ ಓಲಾ ಸ್ಕೂಟರ್ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರು ಬಂದವು. 2024ರ ಅಕ್ಟೋಬರಿನಲ್ಲಿ ಸರಕಾರದ ಗ್ರಾಹಕ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಬಹುಪಾಲು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು.

ಅದಕ್ಕೂ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ ಒಬ್ಬ ಯುವಕ ಸಿಟ್ಟಿಗೆದ್ದು ಶೋರೂಮಿಗೇ ಬೆಂಕಿ ಹಚ್ಚಿದ. ಅವನ ಗಾಡಿ ಆಗಷ್ಟೇ ಕೊಂಡದ್ದು. ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ಪೊಲೀಸರು ಹಿಡಿದದ್ದು ಅವನನ್ನೇ. ಬೆಂಕಿಗಿಂತ ಒಂದು ಅರ್ಜಿ ಮೇಲು.

ಅರ್ಜಿ ಎಲ್ಲಿ ಕೊಡಬೇಕು? ಮೊದಲು ಕಂಪನಿಗೆ ಬರೆದು ಕೊಡಿ. ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಅವರು ಕೇಳದಿದ್ದರೆ 1915 ನಂಬರಿಗೆ ಫೋನ್ ಮಾಡಿ. ಅದಕ್ಕೂ ಆಗದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗವಿದೆ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರು ಇರಲೇಬೇಕು ಎಂದಿಲ್ಲ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ರಸೀದಿ, ವಾರಂಟಿ ಕಾಗದ ಮಾತ್ರ ಬೇಕೇ ಬೇಕು.

ಕೊಳ್ಳುವ ಮೊದಲು ಕೇಳಿ

ಆ ಸಂಜೆ ನಾವೆಲ್ಲ ಕೂಡಿ ಹಲಗೆಯ ಮೇಲೆ ಐದು ಪ್ರಶ್ನೆ ಬರೆದೆವು.

1. ರಿಪೇರಿ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆಯೇ? ಅಲ್ಲಿ ಎಷ್ಟು ಗಾಡಿ ಕಾಯುತ್ತಾ ನಿಂತಿವೆ?
2. ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್?
3. ವಾರಂಟಿ ಮುಗಿದ ಮೇಲೆ ಹೊಸ ಬ್ಯಾಟರಿಗೆ ಎಷ್ಟು ಬೆಲೆ?
4. ಸಾಮಾನು ಬರುವುದು ತಡವಾದರೆ ಓಡಾಡಲು ಬೇರೆ ಗಾಡಿ ಕೊಡುತ್ತೀರಾ?
5. ಸಹಾಯಧನ ಇದ್ದರೆ ಕಳೆದು, ನೋಂದಣಿ, ವಿಮೆ ಸೇರಿಸಿ ಒಟ್ಟು ಎಷ್ಟು?

ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ಬರೆಸಿಕೊಳ್ಳಿ. ಬರೆದದ್ದನ್ನು ಅಲ್ಲೇ ನಿಂತು ಓದಿ.

ಹೂವಿನ ಅಕ್ಕ ಮಗನ ಜೊತೆ ಶೋರೂಮಿಗೆ ಹೋದರು. ಮೊದಲು ರಿಪೇರಿ ಕೇಂದ್ರ ನೋಡಿದರು. ಆಮೇಲೆ ಪಟ್ಟಿ ತೆಗೆದು ಐದೂ ಪ್ರಶ್ನೆ ಓದಿದರು. ಎರಡಕ್ಕೆ ಉತ್ತರ ಸಿಕ್ಕಿತು. ಉಳಿದದ್ದಕ್ಕೆ "ಆಮೇಲೆ ಹೇಳ್ತೇವ್ರಿ, ಮೊದಲು ಬುಕ್ ಮಾಡ್ರಿ" ಎಂದರಂತೆ. ಅಕ್ಕ ಎದ್ದು ಬಂದರು. ಮಗ ಮುಖ ಊದಿಸಿಕೊಂಡ.

ಮರುವಾರ ಅಕ್ಕ ಕೇಂದ್ರಕ್ಕೆ ಇನ್ನೊಂದು ಕಾಗದ ತಂದರು. ಅದೇ ಅಂಗಡಿಯದು. ಎಲ್ಲರಿಗೂ ಕೇಳುವ ಹಾಗೆ ಓದಿದರು. "15,000 ರೂಪಾಯಿ ಕಡಿತ. ಮೂರು ದಿನ ಮಾತ್ರ."

ಕೇಂದ್ರದಲ್ಲಿ ನಗು ತಡೆಯಲಾಗಲಿಲ್ಲ. ಅಕ್ಕ ಕಾಗದ ಮಡಿಚಿಟ್ಟು ಹೇಳಿದರು. "ಅವಸರ ಅವರಿಗೈತಿ, ನಮಗಿಲ್ಲ. ಐದೂ ಪ್ರಶ್ನೆಗೆ ಬರದು ಕೊಟ್ಟವರ ಕಡೆ ತಗೋತೇವಿ."