ಗೌಂಡಿ, ಗಾರೆ ಮತ್ತು ಸರಕಾರಿ ಶಾಲೆಯ ಸೂರು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹೊಸಪೇಟೆ, ಸಂಡೂರು, ಕಂಪ್ಲಿಗಳಿಗೂ ಇದೇ ವೇಳಾಪಟ್ಟಿ. ಬಿಸಿಲಿಗೆ ಹೆದರಿ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಕಟ್ಟಡವನ್ನೇ ಬಿಸಿಲಿಗೆ ತಕ್ಕಂತೆ ಕಟ್ಟಬಹುದಲ್ಲ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಕಚೇರಿಯವರಿಗಾದರೂ ಈ ರಿಯಾಯಿತಿ ಉಂಟು. ಮಾರ್ಚ್ ಕೊನೆಯ ಉರಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಮಕ್ಕಳು ಆರ್‌ಸಿಸಿ ಚಾವಣಿಯ ಕೆಳಗೆ ಬೆವರೊರೆಸಿಕೊಳ್ಳುತ್ತಲೇ ಉತ್ತರ ಬರೆಯಬೇಕು.

ಈಗಿನ ಶಾಲಾ ಕೊಠಡಿಯ ನಕ್ಷೆ ಬೀದರಿನಿಂದ ಚಾಮರಾಜನಗರದವರೆಗೂ ಹೆಚ್ಚುಕಡಿಮೆ ಒಂದೇ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬು, ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜಾ, ಎದುರಿಗೊಂದು ವರಾಂಡ. ಮಲೆನಾಡಿನಲ್ಲಿ ಇದು ಸೋರುತ್ತದೆ, ಬಳ್ಳಾರಿ ಸೀಮೆಯಲ್ಲಿ ಕಾಯುತ್ತದೆ. ಬೆಳಗಿನಿಂದ ಬಿಸಿಲು ಕುಡಿದ ಸ್ಲ್ಯಾಬಿನ ಕಾವು ಮೂರ್ನಾಲ್ಕು ತಾಸಿನಲ್ಲಿ ಒಳಮೈಗೆ ಇಳಿಯುತ್ತದೆ. ಅಂದರೆ ಮಧ್ಯಾಹ್ನದ ಬಿಸಿಯೂಟ ಮುಗಿಸಿ ಮಕ್ಕಳು ಮತ್ತೆ ಕೂರುವ ಹೊತ್ತಿಗೆ ಸರಿಯಾಗಿ. ಫ್ಯಾನು ತಿರುಗಿದರೂ ಮೇಲಿನ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ಇದೇ ಊರುಗಳ ಹಳೆಯ ಓಣಿಗಳಲ್ಲಿ ಬೇರೆಯೇ ಲೆಕ್ಕಾಚಾರವಿತ್ತು. ಮೇಲ್ಮುದ್ದೆಯ ಮನೆಗೆ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ-ಸೊಪ್ಪಿನ ಹಾಸು, ಆಮೇಲೆ ಅಡಿಗೂ ಮಿಕ್ಕಿ ಮಣ್ಣು, ನೀರಿಳಿಯದಂತೆ ಮೇಲೊಂದು ಸವಳು ಮಣ್ಣಿನ ಪದರ. ನಡುವೆ ಒಂದು ಬೆಳಕಿಂಡಿ. ಅಷ್ಟು ದಪ್ಪದ ಮಣ್ಣು ದಾಟಿ ಕಾವು ಒಳಗಿಳಿಯುವ ಹೊತ್ತಿಗೆ ಸಂಜೆ ಕಳೆದು ರಾತ್ರಿಯಾಗಿರುತ್ತದೆ. ಆಗ ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಮಲಗಿರುತ್ತಾರೆ. ಹಾಗೆಂದು ಇದನ್ನು ಹಾಡಿ ಹೊಗಳಿ ಕೂರುವ ಹಾಗಿಲ್ಲ. ವರ್ಷವರ್ಷವೂ ಮಣ್ಣು ಹಾಕಿ ಹಾಕಿ ಭಾರ ಏರುತ್ತದೆ, ಗೆದ್ದಲು ಹಿಡಿದ ತೊಲೆ ಒಂದು ಜಡಿಮಳೆಗೆ ಕೈಕೊಡುತ್ತದೆ. ಮಾಳಿಗೆ ಕುಸಿದು ಸಾವು ಎಂಬ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಇಂದಿಗೂ ತಪ್ಪಿಲ್ಲ. ಶಾಲೆಗೆ ಅದೇ ಮೇಲ್ಮುದ್ದೆ ಹಾಕಿ ಎಂದು ಯಾರೂ ಹೇಳಲಾರರು. ಅದರ ತಂಪು ಬೇಕು, ಅಪಾಯ ಬೇಡ. ಈ ಎರಡನ್ನೂ ಕೂಡಿಸುವ ಕೆಲಸಕ್ಕೆಂದೇ ಹುಟ್ಟಿದ ಸಂಸ್ಥೆಯೊಂದು ಪ್ರತಿ ಜಿಲ್ಲೆಯಲ್ಲೂ ಇದೆ: ನಿರ್ಮಿತಿ ಕೇಂದ್ರ.

ಹೆಸರು ಎಲ್ಲರಿಗೂ ಗೊತ್ತು. ಅಂಗನವಾಡಿ, ಸಮುದಾಯ ಭವನ, ಶಾಲೆಯ ಶೌಚಾಲಯ, ಗ್ರಂಥಾಲಯಗಳ ಗೋಡೆಯ ಮೇಲಿನ ಫಲಕದಲ್ಲಿ ‘ಅನುಷ್ಠಾನ: ನಿರ್ಮಿತಿ ಕೇಂದ್ರ’ ಎಂದು ಓದಿರುತ್ತೇವೆ. ಅದರ ಹುಟ್ಟಿನ ಕತೆ ಗೊತ್ತಿರುವವರು ಕಡಿಮೆ. 1980ರ ದಶಕದ ನಡುವಿನಲ್ಲಿ ಕೇರಳದ ಕೊಲ್ಲಂ ಜಿಲ್ಲಾಧಿಕಾರಿಯಾಗಿದ್ದ ಸಿ.ವಿ. ಆನಂದ ಬೋಸ್ ಮೊದಲ ಕೇಂದ್ರವನ್ನು ತೆರೆದರು. ಬೆನ್ನಿಗಿದ್ದದ್ದು ಲಾರಿ ಬೇಕರ್ ಅವರ ವಿಚಾರ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ಬೇರೂರಿದ ಈ ವಾಸ್ತುಶಿಲ್ಪಿ, ಸಿಮೆಂಟು ಕಬ್ಬಿಣವನ್ನು ಕಡಿಮೆ ಬಳಸಿ, ಸ್ಥಳೀಯ ಸಾಮಗ್ರಿಯಲ್ಲಿ ಗಾಳಿ ಬೆಳಕಿನ ಕಟ್ಟಡ ಎಬ್ಬಿಸುವುದನ್ನು ಮಾಡಿ ತೋರಿಸಿದ್ದರು. ಕೇಂದ್ರ ಸರಕಾರದ ವಸತಿ ಹಣಕಾಸು ಸಂಸ್ಥೆ ಹುಡ್ಕೋ ಈ ಮಾದರಿಯನ್ನು ದೇಶಕ್ಕೆಲ್ಲ ಹರಡಿತು, ಕರ್ನಾಟಕದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸೊಸೈಟಿಗಳು ನೋಂದಣಿಯಾದವು. ಗೌಂಡಿಗಳಿಗೆ ತರಬೇತಿ ಕೊಡುವುದು, ಕಡಿಮೆ ಖರ್ಚಿನ ಸಾಮಗ್ರಿ ತಯಾರಿಸುವುದು, ಆ ಸಾಮಗ್ರಿಯಲ್ಲೇ ಸರಕಾರಿ ಕಟ್ಟಡ ಕಟ್ಟಿ ತೋರಿಸುವುದು ಇವುಗಳಿಗೆ ವಹಿಸಿದ ಕೆಲಸ.

ಕಟ್ಟುವ ವಿದ್ಯೆಗೆ ಕನ್ನಡ ನೆಲದಲ್ಲೂ ಗುರುಗಳಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಮುಂದಾಳುತನದಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ದುಡಿದರು. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ಮೂರು ವಾರ ನೀರುಣಿಸಿದರೆ ಬ್ಲಾಕು ಸಿದ್ಧ. ಭಟ್ಟಿ ಬೇಡ, ಸೌದೆ ಬೇಡ.

ಆದರೆ ಮಣ್ಣು ಯಾವುದಾದರೂ ಆಗುವುದಿಲ್ಲ, ಮತ್ತು ನಮ್ಮ ಸೀಮೆಯ ಸ್ವಾರಸ್ಯ ಇರುವುದೇ ಇಲ್ಲಿ. ಸಂಡೂರಿನ ಬೆಟ್ಟಗಳ ಬುಡದಲ್ಲಿ, ಹೊಸಪೇಟೆಯ ಸುತ್ತಮುತ್ತ ಮಸಾರಿ, ಅಂದರೆ ಕೆಂಪು ಮಣ್ಣು, ಸಿಗುತ್ತದೆ. ಮರಳು, ಜೇಡಿ ಎರಡೂ ಹದವಾಗಿರುವ ಮಸಾರಿ ಬ್ಲಾಕಿಗೆ ಹೇಳಿ ಮಾಡಿಸಿದ್ದು. ಕಂಪ್ಲಿಯ ಕಡೆ ಹೋದರೆ ಕಪ್ಪು ಮಣ್ಣಿನ ಎರೆ ಹೊಲ, ಕಾಲುವೆ, ಭತ್ತದ ಗದ್ದೆ. ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರಲ್ಲಿ ಬ್ಲಾಕು ಒತ್ತುವುದಿರಲಿ, ಅದರ ಮೇಲೆ ಎದ್ದ ಗೋಡೆಗಳೇ ಸೀಳು ಬಿಡುತ್ತವೆ. ಹೀಗಾಗಿ ಸಂಡೂರಿಗೆ ಒಪ್ಪುವ ಶಾಲೆಯ ನಕ್ಷೆ ಕಂಪ್ಲಿಗೆ ಒಪ್ಪುವುದಿಲ್ಲ. ಕಂಪ್ಲಿಯಲ್ಲಿ ಹಣ ಮೊದಲು ಹೋಗಬೇಕಾದ್ದು ಅಡಿಪಾಯಕ್ಕೆ. ಎರೆ ತೆಗೆದು ಗ್ರಾವೆಲ್ ತುಂಬಬೇಕು ಅಥವಾ ಗಟ್ಟಿ ಪದರದವರೆಗೆ ಇಳಿಯಬೇಕು. ಒಂದೇ ನಕ್ಷೆಯನ್ನು ಜೆರಾಕ್ಸ್ ಮಾಡಿ ಹಂಚುವ ಪದ್ಧತಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಚಾವಣಿಗೆ ಬೇಕರ್ ಜನಪ್ರಿಯಗೊಳಿಸಿದ ಉಪಾಯ ಫಿಲ್ಲರ್ ಸ್ಲ್ಯಾಬು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿಲ್ಲ. ಆ ಜಾಗದಲ್ಲಿ ಮಂಗಳೂರು ಹೆಂಚನ್ನೋ ಮಣ್ಣಿನ ಕುಡಿಕೆಯನ್ನೋ ಇಟ್ಟರೆ ಸಿಮೆಂಟೂ ಉಳಿಯಿತು, ನಡುವೆ ಸಿಕ್ಕಿಕೊಂಡ ಗಾಳಿ ಕಾವನ್ನೂ ತಡೆಯಿತು. ಗೋಡೆಗೆ ರ‍್ಯಾಟ್‌ಟ್ರ್ಯಾಪ್ ಬಾಂಡ್: ಇಟ್ಟಿಗೆಯನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಕಟ್ಟು. ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ. ಇದನ್ನು ಕಟ್ಟಲು ಸಾಮಗ್ರಿಗಿಂತ ಮೊದಲು ಬೇಕಾದ್ದು ಕೈಚಳಕದ ಗೌಂಡಿ.

ಆ ಕೈಚಳಕ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಹಂಪಿಗಿಂತ ಹತ್ತಿರದ ಸಾಕ್ಷಿ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಕಟ್ಟೆಯ ಮೈ ಕಲ್ಲಿನದು, ಬೆಸುಗೆ ಸುರ್ಕಿ ಗಾರೆಯದು. ಸುಟ್ಟ ಮಣ್ಣಿನ ಪುಡಿ ಮತ್ತು ಸುಣ್ಣ, ಅಷ್ಟೇ. ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಕಾಲದ ಆ ಕಲ್ಲುಗಾರೆ ಎಪ್ಪತ್ತು ವರ್ಷ ದಾಟಿಯೂ ನೀರು ಹಿಡಿದಿದೆ. 2024ರ ಆಗಸ್ಟಿನಲ್ಲಿ ಕಳಚಿಹೋದದ್ದು ಕಬ್ಬಿಣದ ಗೇಟು. ಬಳ್ಳಾರಿ ಜಿಲ್ಲೆ 1953ರವರೆಗೂ ಮದ್ರಾಸಿಗೆ ಸೇರಿದ್ದರಿಂದ ಆ ಕಾಲದ ಸರಕಾರಿ ಕಟ್ಟಡಗಳಿಗೆ ಮದ್ರಾಸ್ ಟೆರೇಸ್ ಚಾವಣಿ ಬಂತು. ತೊಲೆಗಳ ಮೇಲೆ ಅಂಚು ನಿಲ್ಲಿಸಿದ ಇಟ್ಟಿಗೆ, ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿ ಬಡಿದ ಸುಣ್ಣದ ಗಾರೆ. ಅಂಥ ಕೋಣೆಯೊಳಗೆ ಮೇ ತಿಂಗಳಲ್ಲಿ ಕಾಲಿಟ್ಟವರಿಗೆ ವಿವರಣೆ ಬೇಕಾಗದು.

ಹಂಪಿಯಲ್ಲಿ ನೋಡಬೇಕಾದ್ದು ನೆರಳು. ವಿಠ್ಠಲ ದೇವಸ್ಥಾನದ ಮಂಟಪದ ಕಪೋತ, ಅಂದರೆ ಬಾಗಿ ಇಳಿದ ಕಲ್ಲಿನ ಸೂರಂಚು, ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ ನೋಡಿ. ಮಧ್ಯಾಹ್ನದ ಬಿಸಿಲು ಕಂಬದ ಬುಡಕ್ಕೆ ಬರುವುದೇ ಕಷ್ಟ. ನಮ್ಮ ಶಾಲೆಯ ಒಂದೂವರೆ ಅಡಿ ಸಜ್ಜಾ ಅದರ ಮುಂದೆ ಏನೇನೂ ಅಲ್ಲ. ಪ್ರವಾಸಿಗೆ ನಾದ ಹೊಮ್ಮಿಸುವ ಕಂಬಗಳ ಕತೆ ಹೇಳುವ ಗೈಡುಗಳು ಕಪೋತದ ಕೆಲಸವನ್ನೂ ಒಂದು ಮಾತು ಹೇಳಬಹುದು.

ದುಡ್ಡಿಲ್ಲ ಎನ್ನುವ ಮಾತು ಈ ಸೀಮೆಗೆ ಅನ್ವಯಿಸುವುದಿಲ್ಲ. 2015ರ ತಿದ್ದುಪಡಿಯ ನಂತರ ಗಣಿ ಕಂಪನಿಗಳಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಹರಿಯುತ್ತಿದೆ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಕೂಡಿದ ಹಣದಿಂದ ಗಣಿಬಾಧಿತ ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯೇ ಇದೆ. ಇದರ ಜೊತೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ. ಸಾಮಗ್ರಿಯ ಕೊರತೆಯೂ ಇಲ್ಲ: ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಕಿಟ್ಟದಿಂದ ಸ್ಲ್ಯಾಗ್ ಮರಳು ಬರುತ್ತಿದೆ, ಕಾಂಕ್ರೀಟಿನಲ್ಲಿ ಮಿತಿಯೊಳಗೆ ಅದನ್ನು ಬಳಸಲು 2016ರ ಭಾರತೀಯ ಮಾನಕವೇ ಒಪ್ಪಿಗೆ ಕೊಟ್ಟಿದೆ. ಹೊಳೆ ಬಗೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಹಾಗಿದ್ದೂ ನಿರ್ಮಿತಿ ಕೇಂದ್ರಗಳ ಬಹುಪಾಲು ಹೊಸ ಕಟ್ಟಡಗಳು ಇತರ ಇಲಾಖೆಯವುಗಳಂತೆಯೇ ಕಾಣುತ್ತವೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಟೆಂಡರಿಲ್ಲದೆ ಕೆಲಸ ವಹಿಸಲು ಅವಕಾಶವಿರುವುದರಿಂದ ಇಲಾಖೆಗಳು ತುರ್ತಿನ ಕಾಮಗಾರಿಯನ್ನೆಲ್ಲ ಇವುಗಳ ಮಡಿಲಿಗೆ ಹಾಕಿದವು. ಮಾರ್ಚ್ ಒಳಗೆ ಬಿಲ್ಲಾಗಬೇಕಾದ ಕೆಲಸದಲ್ಲಿ ಮೂರು ವಾರ ಬ್ಲಾಕಿಗೆ ನೀರುಣಿಸುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಖರ್ಚು ಉಳಿಸಿ ಕಟ್ಟಿದರೆ ಬಿಲ್ಲೂ ಸಣ್ಣದಾಗುತ್ತದೆ, ಅದರಿಂದ ಯಾರಿಗೆ ಖುಷಿ? ಪ್ರಯೋಗಶಾಲೆಯಾಗಿ ಹುಟ್ಟಿದ್ದು ಗುತ್ತಿಗೆದಾರನಾಗಿ ಬೆಳೆಯಿತು ಎಂಬುದು ನನ್ನ ಅನಿಸಿಕೆ.

ಕೇಂದ್ರವನ್ನು ಅದರ ಮೂಲ ಕೆಲಸಕ್ಕೆ ಎಳೆದು ತರುವ ಹಗ್ಗದ ಒಂದು ತುದಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕೈಯಲ್ಲೂ ಇದೆ. ಅಂದಾಜು ಪಟ್ಟಿಗೆ ಮಂಜೂರಾತಿ ಸಿಗುವ ಮುನ್ನ ಠರಾವು ಮಾಡಿ ಎಂಜಿನಿಯರರ ಮುಂದಿಟ್ಟರೆ ಪಡುವಣ ಗೋಡೆಗೆ ಕಿಟಕಿ ಬೇಡ, ಸಜ್ಜಾ ಮೂರಡಿ ಬೇಕು, ಚಾವಣಿಗೆ ಬಿಳಿ ಚೂರು ಟೈಲ್ಸ್ ಹಾಸಿ ಎಂದು ಕೇಳಬಹುದು. ಈಗಾಗಲೇ ಕಟ್ಟಿರುವ ಕೊಠಡಿಗಾದರೆ ಬೇಸಿಗೆಗೆ ಮುನ್ನ ಚಾವಣಿಗೆ ಗಟ್ಟಿಯಾಗಿ ಎರಡು ಕೈ ಸುಣ್ಣ ಬಳಿಸಿದರೂ ಒಳಗೆ ಕೂತವರಿಗೆ ವ್ಯತ್ಯಾಸ ತಿಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ನೀತಿ ಹೊರಡಿಸಿ, ಸರಕಾರಿ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದೆ.