ಸೆನ್ಸರ್ ಬದಲಿಸುವ ಮೊದಲು

"ಮೊದಲು ಲೀಟರಿಗೆ ಹದಿನೈದು ಕೊಡ್ತಿತ್ತು ಸಾರ್, ಈಗ ಹತ್ತೂ ದಾಟ್ತಿಲ್ಲ." ಅತ್ತಿಬೆಲೆಯ ಟೋಲ್ ಆಚೀಚೆಯ ಗ್ಯಾರೇಜುಗಳಲ್ಲಿ ಹಳೇ ಪೆಟ್ರೋಲ್ ಕಾರಿನ ಮಾತು ಶುರುವಾಗುವುದು ಸಾಮಾನ್ಯವಾಗಿ ಹೀಗೆ. ಕಾರಿಗೆ ಹತ್ತು-ಹನ್ನೆರಡು ವರ್ಷ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟ್ ಹತ್ತಿದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ಬರುತ್ತದೆ, "ಆಕ್ಸಿಜನ್ ಸೆನ್ಸರ್ ಹೋಗಿದೆ" ಎಂದು ತೀರ್ಮಾನವಾಗುತ್ತದೆ, ಹೊಸದು ಬೀಳುತ್ತದೆ. ವಾರ ಕಳೆಯುವುದರೊಳಗೆ ಲೈಟ್ ಮತ್ತೆ ಹಾಜರ್.

ಸ್ಕ್ಯಾನರಿನಲ್ಲಿ ಬರುವ ಕೋಡ್ ಠಾಣೆಗೆ ಬಂದ ದೂರಿನಂತೆ. ದೂರು ಕೊಟ್ಟವನನ್ನೇ ಒಳಗೆ ಹಾಕಿದರೆ ಕಳ್ಳ ಹೊರಗೇ ಇರುತ್ತಾನೆ.

ಆಕ್ಸಿಜನ್ ಸೆನ್ಸರ್ ಅಥವಾ ಲ್ಯಾಂಬ್ಡಾ ಸೆನ್ಸರನ್ನು ಬಾಷ್ ಕಂಪನಿ 1976ರಲ್ಲಿ ಮೊದಲು ವೋಲ್ವೊ ಕಾರುಗಳಿಗೆ ಕೊಟ್ಟಿತು. ಅದೇ ಕಂಪನಿಯ ಭಾರತದ ಶಾಖೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ 'ಮೈಕೊ'. 1951ರಲ್ಲಿ ಸ್ಥಾಪನೆಯಾದ ಆ ಶಾಖೆಯ ನೆಲೆ ಆಡುಗೋಡಿಯಲ್ಲಿ, ಅತ್ತಿಬೆಲೆಗೆ ಬರುವ ಇದೇ ಹೊಸೂರು ರಸ್ತೆಯಲ್ಲಿದೆ. ಸೆನ್ಸರಿನ ಕೆಲಸ ಸರಳ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ, ಸೆನ್ಸರ್ 0.1 ವೋಲ್ಟಿನ ಹತ್ತಿರ ತೋರಿಸುತ್ತದೆ. ಆಮ್ಲಜನಕ ಉಳಿಯದಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ, ಆಗ 0.9ರ ಹತ್ತಿರ. ಸ್ಥಿತಿ ಚೆನ್ನಾಗಿದ್ದರೆ ಬಿಸಿ ಎಂಜಿನ್ನಿನಲ್ಲಿ ಈ ಅಂಕಿ ಸದಾ ಮೇಲೆ ಕೆಳಗೆ ಓಲಾಡುತ್ತಿರುತ್ತದೆ. ಅದನ್ನು ನೋಡಿಕೊಂಡು ಕಾರಿನ ಕಂಪ್ಯೂಟರ್ ಇಂಜೆಕ್ಟರಿಗೆ "ಸ್ವಲ್ಪ ಹೆಚ್ಚು ಬಿಡು, ಸ್ವಲ್ಪ ತಗ್ಗಿಸು" ಎಂದು ಹೇಳುತ್ತಲೇ ಇರುತ್ತದೆ. ಆ ಹೆಚ್ಚು-ಕಡಿಮೆಯ ಲೆಕ್ಕಕ್ಕೆ ಫ್ಯುಯೆಲ್ ಟ್ರಿಮ್ ಎಂದು ಹೆಸರು. ಸ್ಕ್ಯಾನರಿನಲ್ಲಿ ಶೇಕಡಾವಾರಿನಲ್ಲಿ ಕಾಣುತ್ತದೆ. ಸೊನ್ನೆಯಿಂದ ಹತ್ತು ಶೇಕಡಾ ಆಚೀಚೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಈಗ ಕಳ್ಳನ ಕಡೆ ಬರೋಣ. ಸೆನ್ಸರಿಗಿಂತ ಮುಂಚಿನ ಜಾಗದಲ್ಲಿ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬಳಿ, ಕೂದಲೆಳೆಯಷ್ಟು ಬಿರುಕಿದೆ ಎಂದುಕೊಳ್ಳಿ. ಹೊಗೆ ಅಲೆಅಲೆಯಾಗಿ ಹೋಗುವುದರಿಂದ ಎರಡು ಅಲೆಗಳ ನಡುವೆ ಆ ಬಿರುಕು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ, "ಪೆಟ್ರೋಲ್ ಸಾಲದು" ಎನ್ನುತ್ತದೆ. ಕಂಪ್ಯೂಟರ್ ನಂಬಿ ಸುರಿಯುತ್ತದೆ. ಸ್ಕ್ಯಾನರಿನಲ್ಲಿ ಪಿ0171, ಅಂದರೆ ಮಿಶ್ರಣ ತೆಳು ಎಂಬ ಕೋಡ್. ಸೈಲೆನ್ಸರ್ ತುದಿಯಲ್ಲಿ ಮಾತ್ರ ಕರಿ ಮಸಿ. ಈ ಎರಡು ಒಟ್ಟಿಗೆ ಕಂಡರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ, ಬಿರುಕು ಹುಡುಕಬೇಕು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲಿ 'ಟಿಕ್ ಟಿಕ್' ಸದ್ದು ಕೇಳಿ, ಬಿಸಿಯಾದ ಮೇಲೆ ಅದು ಮರೆಯಾದರೆ ಅನುಮಾನ ಬಲವಾಗುತ್ತದೆ.

ಇನ್ನೂ ಕೆಟ್ಟದ್ದು ಲೈಟೇ ಹತ್ತಿಸದ ದೋಷ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಒಂದು ಸಣ್ಣ ರೆಸಿಸ್ಟರ್. ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. ತಂತಿ ಕಡಿದೇ ಹೋದರೆ ಕಂಪ್ಯೂಟರಿಗೆ ಮೈನಸ್ 40 ಡಿಗ್ರಿ ಕಾಣುತ್ತದೆ. ಅತ್ತಿಬೆಲೆಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಕಂಪ್ಯೂಟರ್ ಅದನ್ನು ತಿರಸ್ಕರಿಸಿ ಲೈಟ್ ಹತ್ತಿಸುತ್ತದೆ. ಆದರೆ 85 ಡಿಗ್ರಿ ಇರುವಾಗ 60 ಎಂದು ತೋರಿಸಿದರೆ? ಅದು ನಂಬುವಂಥ ಸುಳ್ಳು. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಭಾವಿಸಿ ಕಂಪ್ಯೂಟರ್ ಬೇಕಿಲ್ಲದ ಪೆಟ್ರೋಲ್ ಬಿಡುವ ಸಂಭವವಿದೆ. ಥರ್ಮೋಸ್ಟಾಟ್ ವ್ಯಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಹೀಗೆಯೇ, ಆಗ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ, ಎಂಜಿನ್ನೇ ತಣ್ಣಗಿರುತ್ತದೆ. 'ಓವರ್‌ಹೀಟ್ ಆಗುತ್ತೆ' ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಹಳೇ ಚಾಳಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಮೊದಲು ನೋಡುವುದು ಒಳ್ಳೆಯದು.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ ಸ್ಕ್ಯಾನರಿನ ಲೈವ್ ಡೇಟಾ ನೋಡಿ. ಕೂಲೆಂಟಿನ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಹೆಚ್ಚೂಕಡಿಮೆ ಒಂದೇ ಇರಬೇಕು; ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ ಎರಡರಲ್ಲೊಂದು ಸುಳ್ಳು. ಅದೇ ಪರದೆಯಲ್ಲಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿಯನ್ನೂ ನೋಡಿ. ಎಂಜಿನ್ ನಿಂತಿರುವಾಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ಅತ್ತಿಬೆಲೆ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ 91ರ ಆಸುಪಾಸು. ನಿಮ್ಮ ಕಾರು ಇಲ್ಲಿ ನಿಂತು 101 ಎಂದರೆ, ಮಂಗಳೂರಿನ ಕಡಲ ದಂಡೆಯಲ್ಲಿದ್ದೇನೆ ಎಂದು ಅದು ನಂಬಿಕೊಂಡಿದೆ, ಅಲ್ಲಿನ ಲೆಕ್ಕದಲ್ಲಿ ಪೆಟ್ರೋಲ್ ಬಿಡಲು ಹೊರಡುತ್ತದೆ. ಕಾರಿನ ಬೆಲೆಯ ಮುಂದೆ ಪುಡಿಗಾಸೆನಿಸುವ ಬ್ಲೂಟೂತ್ ಡಾಂಗಲ್, ಒಂದು ಮೊಬೈಲ್ ಆ್ಯಪ್, ಇಷ್ಟರಲ್ಲೇ ಇದು ಕಾಣುತ್ತದೆ. ನಮ್ಮಲ್ಲಿ ಸ್ಕ್ಯಾನರಿಗೆ ಈ ಕೋಡುಗಳನ್ನು ಕೊಡುವ ಕಾರಿನ ಸ್ವಯಂ-ತಪಾಸಣೆ ವ್ಯವಸ್ಥೆಯ (ಒಬಿಡಿ) ಎರಡನೇ ಹಂತ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ; ಅದಕ್ಕಿಂತ ಹಳೆಯ ಕೆಲವು ಕಾರುಗಳಲ್ಲಿ ಕಂಪನಿಯದೇ ಸ್ಕ್ಯಾನರ್ ಬೇಕಾಗಬಹುದು.

ಎಥೆನಾಲ್ ಬೆರೆತ ಬಂಕಿನ ಪೆಟ್ರೋಲಿನ ಮೇಲಿನ ಸಿಟ್ಟಿಗೂ ಲೆಕ್ಕವಿದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಇಪ್ಪತ್ತು ಶೇಕಡಾ ಬೆರೆಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಆರೇಳು ಶೇಕಡಾ ನಷ್ಟ; ಹಳೇ ಕಾರುಗಳ ಬಗ್ಗೆ ನೀತಿ ಆಯೋಗದ 2021ರ ವರದಿ ಅಂದಾಜಿಸಿದ್ದೂ ಇಷ್ಟನ್ನೇ. ಅಂದರೆ ಹದಿನೈದು ಕೊಡುತ್ತಿದ್ದ ಕಾರು ಹದಿನಾಲ್ಕಕ್ಕೆ ಇಳಿಯಬಹುದು. ಹತ್ತಕ್ಕೆ ಇಳಿದರೆ ಎಥೆನಾಲನ್ನು ಬೈದು ಫಲವಿಲ್ಲ. ಇನ್ನೊಂದು ಮಾತು: ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಕಾರಿನ ಫ್ಯುಯೆಲ್ ಟ್ರಿಮ್ ನಾಲ್ಕರಿಂದ ಎಂಟು ಶೇಕಡಾದವರೆಗೆ ಪ್ಲಸ್ ಕಡೆ ವಾಲುವುದು ಸಹಜ. ಅದನ್ನೇ ದೋಷವೆಂದು ಹಿಡಿಯಬೇಡಿ.

ಕೊನೆಗೆ ಚಂದಾಪುರ, ಬೊಮ್ಮಸಂದ್ರದ ಟ್ರಾಫಿಕ್. ಎಸಿ ಹಾಕಿಕೊಂಡು ನಿಂತಲ್ಲೇ ನಿಂತ ಸಣ್ಣ ಕಾರು ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯಬಲ್ಲದು. ಮನೆಯಿಂದ ಕೈಗಾರಿಕಾ ಪ್ರದೇಶಕ್ಕೆ ಎರಡು-ಮೂರು ಕಿಲೊಮೀಟರ್ ಓಡಿಸುವವರ ಎಂಜಿನ್ ಬಿಸಿಯಾಗುವ ಹೊತ್ತಿಗೆ ಕಂಪನಿ ಗೇಟ್ ಬಂದಿರುತ್ತದೆ. ಟೈರಿನ ಗಾಳಿ ಇಳಿದಿದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ ಯಾವ ಕೋಡೂ ಬರುವುದಿಲ್ಲ. ಒಂದಿಷ್ಟು ದೂರ ಓಡಿಸಿ ನಿಂತಾಗ ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಜೊತೆಯ ಚಕ್ರಕ್ಕಿಂತ ಒಂದೇ ಹೆಚ್ಚು ಕಾದಿದ್ದರೆ ಬ್ರೇಕ್ ಬಿಡುತ್ತಿಲ್ಲ. ಮೈಲೇಜನ್ನೂ ಕಣ್ಣಂದಾಜಿನಲ್ಲಿ ಹೇಳಬೇಡಿ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ಆಟೊ ಕಟ್ ಆಗುವವರೆಗೆ ತುಂಬಿಸಿ, ಮುನ್ನೂರು ಕಿಲೊಮೀಟರಾದರೂ ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ ಭಾಗಿಸಿ.

ಇಷ್ಟಾದ ಮೇಲೆ ಗ್ಯಾರೇಜಿಗೆ ಹೋಗಿ. ಕೋಡ್ ಬಂದ ಕ್ಷಣದ ವೇಗ, ಉಷ್ಣತೆ, ಟ್ರಿಮ್ ಎಲ್ಲವನ್ನೂ ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಮೆಕ್ಯಾನಿಕ್ 'ಕ್ಲಿಯರ್' ಒತ್ತುವ ಮೊದಲು ಆ ಪರದೆಯದೊಂದು ಫೋಟೊ ತೆಗೆದಿಟ್ಟುಕೊಳ್ಳಿ.