ಕೆರೆ ಮೀನುಗಾರಿಕೆ: ಹೊಸಬರು ಮೊದಲ ಬಲೆಯನ್ನು ಆರಿಸುವ ಬಗೆ

1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರವು ಕೋಡಿ ಬಿದ್ದುದು 2022ರಲ್ಲಿ. ಅಂದಿನಿಂದ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಮೀನುಗಾರಿಕೆಯ ಬಗ್ಗೆ ವಿಚಾರಿಸುವವರು ಹೆಚ್ಚಿದ್ದಾರೆ. ತುರುವನೂರು ಹೋಬಳಿಯಂತಹ ಎರೆಭೂಮಿಯ ಪ್ರದೇಶದಲ್ಲಿ ಕಡಲೆ, ಈರುಳ್ಳಿ ಬೆಳೆಯುವ ಅನುಭವ ತಲೆಮಾರುಗಳದ್ದು. ಬಲೆ ಬಿಡುವ ಅನುಭವ ಮಾತ್ರ ಕೆಲವೇ ಕುಟುಂಬಗಳಿಗೆ ಸೀಮಿತವಾದುದು. ಕೆರೆ ವರ್ಷಗಟ್ಟಲೆ ಬತ್ತಿ, ಒಮ್ಮೆಗೇ ತುಂಬಿದಾಗ, ಹೊಸದಾಗಿ ಈ ಕಸುಬಿಗೆ ಇಳಿಯುವ ಯುವಕರು ಹಾಗೂ ಸ್ವಸಹಾಯ ಗುಂಪುಗಳ ಸದಸ್ಯೆಯರು ಸಾಲ ಮಾಡಿ ಬಲೆ ಕೊಳ್ಳುತ್ತಾರೆ. ಆ ಬಲೆಯು ಕೆರೆಗೂ ಮೀನಿಗೂ ಹೊಂದದಿದ್ದರೆ ಮೊದಲ ಹಂಗಾಮಿನಲ್ಲಿಯೇ ಬಂಡವಾಳ ಮುಳುಗುತ್ತದೆ. ಆದುದರಿಂದ ಸಲಕರಣೆಯ ಆಯ್ಕೆಯನ್ನು ಕುರಿತು ಕೆಲವು ತಾಂತ್ರಿಕ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಅಂಗಡಿಗೆ ಹೋಗುವ ಮೊದಲು ಕೆರೆಯನ್ನು ನೋಡಬೇಕು. ಮಾರಿಕಣಿವೆಯ ಹಿನ್ನೀರಿನಲ್ಲಿ ಉಪಯೋಗಿಸುವ ಬಲೆಯನ್ನು ಕಂಡು ಅಂತಹುದನ್ನೇ ತರಲು ಹೊರಡುವವರುಂಟು. ಆ ಜಲಾಶಯದ ಪೂರ್ಣ ಮಟ್ಟ 130 ಅಡಿ. ನಮ್ಮ ಹಳ್ಳಿಯ ಕೆರೆಗಳ ಬಹುಭಾಗದಲ್ಲಿ ನೀರಿನ ಆಳ ಎರಡು ಮೂರು ಮೀಟರ್ ಮಾತ್ರ. ಆಳದ ನೀರಿಗೆಂದು ಹೆಣೆದ ಎತ್ತರದ ಬಲೆ ಇಲ್ಲಿ ತಳದ ಕೆಸರಿನಲ್ಲಿ ಮಡಚಿ ಬೀಳುತ್ತದೆ. ಮಡಚಿಬಿದ್ದ ಬಲೆಗೆ ಮೀನಿಗಿಂತ ಕಸ ಹೆಚ್ಚು ಸಿಕ್ಕುತ್ತದೆ.

ಇನ್ನೊಂದು ಸಂಗತಿ ಬಳ್ಳಾರಿ ಜಾಲಿ. ಬತ್ತಿದ ವರ್ಷಗಳಲ್ಲಿ ಕೆರೆಯ ಅಂಗಳವನ್ನೆಲ್ಲ ಆವರಿಸಿದ ಜಾಲಿಯು ನೀರು ಬಂದಾಗ ಮುಳುಗಿ ಸಾಯುತ್ತದೆಯೇ ಹೊರತು ಕರಗಿಹೋಗುವುದಿಲ್ಲ. ಮುಳ್ಳಿನ ಕೊಂಬೆಗಳು ನೀರಿನಡಿಯಲ್ಲಿ ಹಾಗೆಯೇ ನಿಂತಿರುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅಂಗಳವನ್ನು ನಡೆದು ನೋಡಿ, ಜಾಲಿಯ ಮೆಳೆಗಳು, ಕಲ್ಲುಬಂಡೆಗಳು, ಹಾಗೂ ಮಣ್ಣು ತೆಗೆದ ಹೊಂಡಗಳು ಎಲ್ಲಿವೆಯೆಂದು ಒಂದು ಕೈನಕ್ಷೆ ಬರೆದಿಟ್ಟುಕೊಳ್ಳುವುದು ಬಲೆ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಹೊಂಡಗಳನ್ನು ವಿಶೇಷವಾಗಿ ಗುರುತಿಸಬೇಕು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳು ಮುಳುಗುವ ಗುಂಡಿಗೆ ಇಳಿಯುವುದು ಇಂತಹ ಕಡೆಯಲ್ಲಿಯೇ.

ಮೀನು ಹಿಡಿಯಲು ಗಾಳ, ಬೀಸುಬಲೆ, ಎಳೆಬಲೆ, ಕಿವಿರು ಬಲೆ ಎಂದು ಹಲವು ಸಾಧನಗಳಿವೆ. ಗಾಳವು ಮನೆಯ ಸಾರಿಗೆ ಸಾಕು, ಮಾರಾಟಕ್ಕೆ ಸಾಲದು. ರಾಗಿ ಮುದ್ದೆಯ ಉಂಡೆ ಅಥವಾ ಎರೆಹುಳು ಸಿಕ್ಕಿಸಿ ಕೂರುವ ಹವ್ಯಾಸಿಗಳು ಗಾಳದ ಸಂಖ್ಯೆ ಹೆಚ್ಚಿದಂತೆ ಗಾತ್ರ ಕಿರಿದಾಗುತ್ತದೆ ಎಂಬುದನ್ನು ನೆನಪಿಟ್ಟರಾಯಿತು. ಎಳೆಬಲೆಗೆ ಹತ್ತಾರು ಜನರೂ ಚೊಕ್ಕಟವಾದ ತಳವೂ ಬೇಕು. ಜಾಲಿಯಿರುವ ಕೆರೆಯಲ್ಲಿ ಅದರ ಮಾತೇ ಬೇಡ. ಬೀಸುಬಲೆಯು ಅಂಚಿನ ಕಡಿಮೆ ನೀರಿಗೆ ಒಳ್ಳೆಯದು, ಮೀನೂ ಜೀವಂತವಾಗಿ ಸಿಗುತ್ತದೆ. ಆದರೆ ಅದು ವೃತ್ತಾಕಾರವಾಗಿ ಅರಳಿ ಬೀಳುವಂತೆ ಬೀಸಲು ಅಭ್ಯಾಸ ಬೇಕು. ಕಲಿಯುವವರು ಹಗುರವಾದ ಚಿಕ್ಕ ಬಲೆಯನ್ನು ತಂದು ಮೊದಲು ಕಣದಲ್ಲಿ ಬೀಸಿ ಕಲಿಯಬಹುದು. ಹೊಸಬರ ಮುಖ್ಯ ಸಾಧನವಾಗಿ ಕಿವಿರು ಬಲೆಯನ್ನೇ ಶಿಫಾರಸು ಮಾಡಬಹುದು. ಅಂಗಡಿಗಳಲ್ಲಿ ಇದಕ್ಕೆ ಗಿಲ್ ನೆಟ್ ಎಂದೇ ಹೆಸರು. ಸಂಜೆ ಗೋಡೆಯಂತೆ ನೀರಿನಲ್ಲಿ ನಿಲ್ಲಿಸಿ ಬಂದರೆ, ಕಣ್ಣಿನೊಳಗೆ ತಲೆ ತೂರಿಸಿದ ಮೀನು ಹಿಂದೆ ಸರಿಯುವಾಗ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ.

ಈ ಬಲೆಯಲ್ಲಿ ಎಲ್ಲವೂ ಕಣ್ಣಿನ ಅಳತೆಯನ್ನು ಅವಲಂಬಿಸಿದೆ. ಕಣ್ಣಿಗಿಂತ ಕಿರಿಯ ಮೀನು ತೂರಿ ಪಾರಾಗುತ್ತದೆ. ತೀರ ದೊಡ್ಡದು ತಲೆ ತೂರಿಸಲಾಗದೆ ಹಿಂದಿರುಗುತ್ತದೆ. ಅಳತೆ ನಿರ್ಧರಿಸಲು ಮೀನುಗಾರಿಕೆ ತಂತ್ರಜ್ಞರು ಬಳಸುವ ಸರಳ ಸೂತ್ರವೊಂದಿದೆ: ಹಿಡಿಯಬೇಕೆಂದಿರುವ ಮೀನಿನ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದು, ಅಗಲವಾದ ಮೈಯ ಮೀನಾದರೆ 2.5ರಿಂದ, ಸಾಧಾರಣ ಮೈಯದಾದರೆ 3.5ರಿಂದ, ನೀಳವಾದುದಾದರೆ 5ರಿಂದ ಭಾಗಿಸಬೇಕು. 40 ಸೆಂಟಿಮೀಟರ್ ಉದ್ದದ ರೋಹುವಿಗೆ 400 ಭಾಗಿಸು 3.5, ಅಂದರೆ ಸುಮಾರು 114 ಮಿಲಿಮೀಟರ್ ಕಣ್ಣು ಬೇಕಾಗುತ್ತದೆ. ಅಷ್ಟೇ ಉದ್ದದ ಕಾಟ್ಲಾ ಮೀನಿಗೆ 160 ಮಿಲಿಮೀಟರ್. 45 ಸೆಂಟಿಮೀಟರ್ ಉದ್ದದ ಕೊರಮೀನಿಗೆ 90 ಸಾಕು. ಇದು ಆರಂಭದ ಅಂದಾಜು. ಒಂದು ರಾತ್ರಿ ಬಲೆ ಬಿಟ್ಟ ಮೇಲೆ ಮೀನೇ ಸರಿ ತಪ್ಪನ್ನು ಹೇಳುತ್ತದೆ: ಕಿವಿರಿನ ಹಿಂಭಾಗದಲ್ಲಿ ಸಿಕ್ಕಿದ್ದರೆ ಅಳತೆ ಸರಿ, ಮೂತಿ ಮಾತ್ರ ಸಿಕ್ಕಿಕೊಂಡಿದ್ದರೆ ಕಣ್ಣು ಚಿಕ್ಕದು, ಮೈಯ ನಡುಭಾಗದವರೆಗೂ ಒಳಹೊಕ್ಕಿದ್ದರೆ ಕಣ್ಣು ದೊಡ್ಡದು.

ಕಣ್ಣನ್ನು ಅಳೆಯುವ ಕ್ರಮದಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಮೇಲಿನ ಸೂತ್ರದ ಅಳತೆ ಎಂದರೆ ಕಣ್ಣನ್ನು ಬಿಗಿಯಾಗಿ ಎಳೆದು ಹಿಡಿದಾಗ ಎದುರುಬದುರಿನ ಎರಡು ಗಂಟುಗಳ ನಡುವಿನ ದೂರ. ಕೆಲವೆಡೆ ಪಕ್ಕಪಕ್ಕದ ಗಂಟುಗಳ ನಡುವಿನ ಒಂದು ಬದಿಯನ್ನು ಮಾತ್ರ ಅಳೆಯುವ ರೂಢಿಯಿದೆ. ಆ ಲೆಕ್ಕದಲ್ಲಿ 55 ಎಂದರೆ ಎಳೆದ ಅಳತೆಯಲ್ಲಿ 110. ಎರಡನ್ನೂ ಬೆರೆಸಿಕೊಂಡರೆ ಬಯಸಿದ್ದಕ್ಕೆ ಅರ್ಧದಷ್ಟು ಕಣ್ಣಿನ ಬಲೆ ಮನೆಗೆ ಬರುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಡಿಪಟ್ಟಿ ಇರಲಿ.

ಬಲೆಯ ಉದ್ದದ ಲೆಕ್ಕವೂ ಹೀಗೆಯೇ. ಹೆಣೆದ ಬಲೆಯನ್ನು ಹಗ್ಗಕ್ಕೆ ಸಡಿಲವಾಗಿ ಪೋಣಿಸಿದಾಗ ಮಾತ್ರ ಕಣ್ಣುಗಳು ತೆರೆದುಕೊಳ್ಳುತ್ತವೆ. ರೂಢಿಯಲ್ಲಿ 100 ಮೀಟರ್ ಬಲೆಯನ್ನು 50 ಮೀಟರ್ ಹಗ್ಗಕ್ಕೆ ಕಟ್ಟುತ್ತಾರೆ. ಹಾಗೆ ಕಟ್ಟಿದಾಗ ಎತ್ತರವೂ ಎಳೆದ ಎತ್ತರದ ಶೇ. 87ರಷ್ಟಕ್ಕೆ ಇಳಿಯುತ್ತದೆ. 110 ಮಿಲಿಮೀಟರಿನ 30 ಕಣ್ಣುಗಳ ಎತ್ತರವಿದ್ದರೆ, 3.3 ಮೀಟರಿನ ಬದಲು ನೀರಿನಲ್ಲಿ ನಿಲ್ಲುವುದು ಸುಮಾರು 2.85 ಮೀಟರ್. ನಮ್ಮ ಕೆರೆಗಳಿಗೆ ಇದು ಸಾಕಷ್ಟಾಯಿತು.

ನೂಲಿನ ವಿಷಯದಲ್ಲಿ ಒಂಟಿ ಎಳೆಯ ನೈಲಾನ್ ಬಲೆಯನ್ನು ವ್ಯಾಪಾರಿಗಳು ಹೊಗಳುವುದು ಸಹಜ; ತಿಳಿನೀರಿನಲ್ಲಿ ಅದು ಮೀನಿನ ಕಣ್ಣಿಗೆ ಬೀಳುವುದಿಲ್ಲ. ಎರೆಮಣ್ಣಿನ ಕೆರೆಯ ಕದಡಿದ ನೀರಿನಲ್ಲಿ ಆ ಗುಣದಿಂದ ದೊರೆಯುವ ಲಾಭ ಅಲ್ಪ. ಜಾಲಿಮುಳ್ಳಿಗೆ ಸಿಕ್ಕಿ ಹರಿದಾಗ ಹೊಸಬರು ಸುಲಭವಾಗಿ ಹೆಣೆದು ಸರಿಪಡಿಸಬಹುದಾದುದು ಹಲವು ಎಳೆಗಳನ್ನು ಹೊಸೆದ ಮೃದುವಾದ ನೂಲು. ಇದರ ಮೇಲೆ 210×1×2, 210×2×2 ಎಂಬ ಗುರುತುಗಳಿರುತ್ತವೆ. 9000 ಮೀಟರ್ ಎಳೆ 210 ಗ್ರಾಂ ತೂಗುತ್ತದೆ ಎಂಬುದು ಮೊದಲ ಅಂಕಿಯ ಅರ್ಥ. ಉಳಿದ ಎರಡನ್ನು ಗುಣಿಸಿದರೆ ಅಂತಹ ಎಷ್ಟು ಎಳೆಗಳನ್ನು ಹೊಸೆದಿದ್ದಾರೆಂದು ತಿಳಿಯುತ್ತದೆ. ಜಾಲಿಯಿರುವ ಕೆರೆಗೆ ನಾಲ್ಕು ಎಳೆಯದೇ ಇರಲಿ. ಒಂದೇ ಉದ್ದನೆಯ ಬಲೆಯ ಬದಲು 50 ಮೀಟರಿನ ಎರಡು ತುಂಡುಗಳಿದ್ದರೆ, ಒಂದು ಹರಿದ ದಿನವೂ ಇನ್ನೊಂದರಿಂದ ಕೆಲಸ ಸಾಗುತ್ತದೆ.

ಅಗ್ಗವೆಂಬ ಕಾರಣದಿಂದ ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆಯನ್ನು ತರುವವರು ತಮ್ಮ ಹಣವನ್ನೇ ಹಿಡಿದು ಕೊಲ್ಲುತ್ತಿರುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. 1957ರಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಹಾರ್ಮೋನ್ ಚುಚ್ಚುಮದ್ದಿನಿಂದ ಇವುಗಳ ಸಂತಾನೋತ್ಪತ್ತಿ ಸಾಧಿಸಿದ ನಂತರವೇ ಮರಿಗಳು ಮರಿಕೇಂದ್ರಗಳಿಂದ ಹಳ್ಳಿಯ ಕೆರೆಗಳಿಗೆ ಧಾರಾಳವಾಗಿ ಬರುವಂತಾಯಿತು. ನಾವು ದುಡ್ಡು ಕೊಟ್ಟು ತಂದು ಬಿಟ್ಟ ಬೆರಳುದ್ದದ ಮರಿ ಒಳ್ಳೆಯ ಮೇವಿದ್ದರೆ ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗಬಲ್ಲದು. ಅದನ್ನು ಮೂರನೆಯ ತಿಂಗಳಿನಲ್ಲಿಯೇ ಎತ್ತಿದರೆ ಸಂತೆಯಲ್ಲಿ ಬೆಲೆಯೂ ಇಲ್ಲ, ಮುಂದಿನ ಬೇಸಿಗೆಗೆ ಮೀನೂ ಇಲ್ಲ. ಸ್ಫೋಟಕ ಸಿಡಿಸಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಅಪರಾಧ.

ಬಲೆಯ ಜೊತೆಗೆ ಹರಿಗೋಲು ಬೇಕು. ಫೈಬರಿನದು ಭಾರ ಕಡಿಮೆ, ಬಾಳಿಕೆ ಹೆಚ್ಚು. ಜೀವರಕ್ಷಕ ಜಾಕೆಟ್ಟನ್ನು ಹೆಚ್ಚುವರಿ ಖರ್ಚೆಂದು ಕೈಬಿಡುವಂತಿಲ್ಲ. ಹಣ ಸಾಲದಿದ್ದರೆ ಬಲೆಯ ಒಂದು ತುಂಡನ್ನು ಕಡಿಮೆ ಮಾಡಿ ಜಾಕೆಟ್ ಕೊಳ್ಳುವುದು ಸೂಕ್ತ. ಸಿಕ್ಕಿಕೊಂಡ ಬಲೆಯನ್ನು ಬಿಡಿಸಲೆಂದು ನೀರಿಗೆ ಇಳಿಯಲೇಬಾರದು. ಈಜು ಬಲ್ಲವರ ಕಾಲಿಗೂ ಬಲೆ ಸುತ್ತಿಕೊಳ್ಳುತ್ತದೆ. ಹರಿಗೋಲಿನಲ್ಲಿ ಇಬ್ಬರಿರಬೇಕು, ಹರಿತವಾದ ಒಂದು ಚೂರಿ ಕೈಗೆಟುಕುವಂತಿರಬೇಕು. ಬಲೆ ಬರದಿದ್ದರೆ ಕತ್ತರಿಸಿ, ಸಿಕ್ಕಿದ ಜಾಗಕ್ಕೆ ಬೆಂಡು ಕಟ್ಟಿ ಬರುವುದು. ನೀರು ತಗ್ಗಿದಾಗ ಆ ತುಂಡನ್ನು ತಪ್ಪದೆ ತೆಗೆಯಬೇಕು, ಏಕೆಂದರೆ ಕೇಳುವವರಿಲ್ಲದ ಬಲೆಯು ಮೀನು, ಆಮೆ, ನೀರುಕಾಗೆಗಳನ್ನು ಕೊಲ್ಲುತ್ತಲೇ ಇರುತ್ತದೆ.

ಸಲಕರಣೆ ಇದ್ದ ಮಾತ್ರಕ್ಕೆ ಕೆರೆಗೆ ಇಳಿಯುವ ಹಕ್ಕು ಬರುವುದಿಲ್ಲ. ಕೆರೆಯ ಮೀನು ಪಾಶುವಾರು ಹಕ್ಕು ಯಾವ ಸಂಘಕ್ಕೆ ಅಥವಾ ಗುತ್ತಿಗೆದಾರರಿಗೆ ಸೇರಿದೆ ಎಂಬುದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಹಣ ಹೂಡಬೇಕು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇ. 60ರಷ್ಟು ಸಹಾಯಧನವನ್ನು ನಿಗದಿಪಡಿಸಲಾಗಿದೆ. ಅದೇ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಹೆಸರು ನೋಂದಾಯಿಸಿಕೊಳ್ಳದವರಿಗೆ ಇದು ದೊರೆಯದು. ಬಲೆ ನೀರಿಗೆ ಬೀಳುವ ಮೊದಲು, ಗುಂಪಿನ ಪ್ರತಿಯೊಬ್ಬರೂ ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಗಳೊಂದಿಗೆ ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಹೋಗಿ ನೋಂದಣಿ ಮುಗಿಸಿಕೊಳ್ಳುವುದು.